ದುಂಡುಗಲ್ಲಿನ ಮೇಲೆ ಒಂದು ಗೇಣು ಕಾಡು

ನಾನು ಮಣ್ಣು ಓದಿದವಳು. ಕೃಷಿ ಕಾಲೇಜಿನಲ್ಲಿ ಎಂಎಸ್ಸಿ ಮುಗಿಸಿ, ಮಂಡ್ಯದ ಗದ್ದೆಗಳಿಂದ ಮಣ್ಣು ತಂದು ಪರೀಕ್ಷೆ ಮಾಡುತ್ತಿದ್ದವಳು, ಮದುವೆಯಾಗಿ ಅಮೆರಿಕದ ಬೆಲ್ವ್ಯೂಗೆ ಬಂದು ಕುಕ್ಕರ್ ಕೂಗುವುದನ್ನು ಕಾಯುತ್ತ ಕೂತೆ. ಆ ವರ್ಷಗಳಲ್ಲಿ ಗಂಡನ ವೀಸಾದ ಮೇಲೆ ಬಂದ ಹೆಂಡತಿ ಇಲ್ಲಿ ದುಡಿಯುವಂತಿರಲಿಲ್ಲ. ಪಾರ್ಟಿಗಳಲ್ಲಿ ಯಾರಾದರೂ ‘ನೀವೇನ್ ಮಾಡ್ತೀರಾ’ ಎಂದು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ‘ಮನೇಲಿದಾಳೆ’ ಎಂದುಬಿಡುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಮೇಲಿನ ಮಹಡಿಯಲ್ಲಿ ಮೈಸೂರಿನ ಒಬ್ಬರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಅಮ್ಮನಿಗೆ ವೀಸಾ ಸಿಗದೆ ಹೋದಾಗ ನನ್ನ ಬಾಣಂತನ ಮಾಡಿದ್ದು ಅವರೇ. ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಮಗುವಿಗೆ ಎಣ್ಣೆನೀರು, ಒಂದನ್ನೂ ತಪ್ಪಿಸಲಿಲ್ಲ. ಸ್ವಂತ ಅಕ್ಕ ಇದ್ದಿದ್ದರೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಮಗಳಿಗೆ ಎರಡು ತುಂಬಿದ ಮೇಲೆ ನನಗೊಂದು ಕೆಲಸ ಸಿಕ್ಕಿತು. ಕೆಲಸವೆಂದರೆ ಸಂಬಳವಿಲ್ಲದ್ದು. ಫೆರಿಯಲ್ಲಿ ದಾಟಿ ಹೋಗುವ ಒಂದು ದ್ವೀಪದ ದಂಡೆಯಲ್ಲಿ ಸಣ್ಣ ಕಾಡೊಂದನ್ನು ನೋಡಿಕೊಳ್ಳುವ ಗುಂಪು ಅದು. ಅದರ ಹಿರಿಯಳು ರಿಟೈರಾದ ಶಾಲಾ ಟೀಚರು. ನಾನು ಮಣ್ಣು ಓದಿದವಳೆಂದು ತಿಳಿದದ್ದೇ, ಶನಿವಾರ ನೋಡಲು ಬಂದವರಿಗೆ ಕಾಡು ತೋರಿಸುವ ಕೆಲಸವನ್ನು ನನಗೇ ಬಿಟ್ಟುಕೊಟ್ಟಳು. ಶನಿವಾರ ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆ ಕಾಡು ನಿಂತಿದ್ದದ್ದು ಹಳೆಯ ಕಡಲತೀರದ ಮೇಲೆ. ಎಂದೋ ಸಮುದ್ರ ಅಲ್ಲಿಯವರೆಗೆ ಬರುತ್ತಿತ್ತು. ಆಮೇಲೆ ನೆಲ ಮೇಲೆದ್ದು, ನೀರು ಕೆಳಗೆ ಸರಿದು, ಇಂದಿನ ದಂಡೆಯಿಂದ ಎತ್ತರಕ್ಕೆ ಒಂದು ಜಗಲಿಯ ಹಾಗೆ ಉಳಿದುಕೊಂಡಿತ್ತು. ಜಗಲಿಯ ತುಂಬ ಅಲೆ ಉರುಳಿಸಿ ನುಣುಪು ಮಾಡಿದ ದುಂಡುಗಲ್ಲು. ಅದರ ಮೇಲೆ ಸೂಜಿಯೆಲೆ, ತೊಗಟೆ, ಬಿದ್ದ ಮರ ಎಲ್ಲ ಬಿದ್ದಲ್ಲೇ ಕೊಳೆತು, ಒಂದು ಗೇಣು ದಪ್ಪಕ್ಕೆ ಕಪ್ಪಗೆ ಮೆತ್ತಗೆ ಕೂತಿತ್ತು. ಆ ಒಂದು ಗೇಣೇ ಅಲ್ಲಿನ ಭೂಮಿ. ನಮ್ಮ ಊರಿನ ಎರೆಮಣ್ಣಿನಲ್ಲಿ ಆಳುದ್ದ ಗುಂಡಿ ತೋಡಿದವಳಿಗೆ ಮೊದಲ ಸಲ ಅಲ್ಲಿ ಕೈಯಿಟ್ಟಾಗ ನಂಬಿಕೆಯೇ ಬರಲಿಲ್ಲ. ಅಷ್ಟೆತ್ತರದ ಮರಗಳು ಬೇರನ್ನು ಕೆಳಗೆ ಬಿಡಲಾಗದೆ ಅಡ್ಡಡ್ಡ ಹರಡಿ, ಒಂದರ ಬೇರನ್ನು ಇನ್ನೊಂದು ತಬ್ಬಿಕೊಂಡು ನಿಂತಿದ್ದವು.

ಈ ಸಂತೋಷವನ್ನು ಅಕ್ಕನಿಗಲ್ಲದೆ ಇನ್ನಾರಿಗೆ ತೋರಿಸಲಿ? ಒಂದು ಶನಿವಾರ ಕರೆದುಕೊಂಡು ಹೋದೆ. ಅವರು ಕುಕ್ಕುರುಗಾಲಲ್ಲಿ ಕೂತು ಒಂದು ಹಿಡಿ ಎತ್ತಿ ಮೂಸಿದರು.

“ಏನ್ ಮಣ್ಣೇ ಇದು! ಹತ್ತಿ ಇದ್ದಂಗಿದೆ.”

“ಅಕ್ಕ, ಇದು ಮಣ್ಣೇ ಅಲ್ಲ. ಬರೀ ಎಲೆ, ತೊಗಟೆ, ಕೊಳೆತ ಮರ. ಕೆಳಗೂ ಮಣ್ಣಿಲ್ಲ, ಕಲ್ಲು ಅಷ್ಟೇ. ಮರಗಳೆಲ್ಲ ನಿಂತಿರೋದು ಇದೊಂದರ ಮೇಲೇನೇ.”

“ಹೌದಾ!” ಎಂದು ಕಣ್ಣರಳಿಸಿದರು. ನನಗೋ, ಶಾಲೆಯಲ್ಲಿ ಬಹುಮಾನ ಬಂದಷ್ಟು ಹಿಗ್ಗು.

ಅಕ್ಕನ ಕರಿಬೇವು ನಮ್ಮ ಕನ್ನಡದವರ ನಡುವೆ ಹೆಸರುವಾಸಿ. ಇಲ್ಲಿಯ ಚಳಿಗೆ ಎಲ್ಲರ ಕರಿಬೇವೂ ಕಡ್ಡಿಯಾದರೆ, ಅವರದು ಹೀಟರಿನ ಪಕ್ಕ ಜಂಭದಿಂದ ಚಿಗುರುತ್ತಿತ್ತು. ಪ್ರತಿ ಯುಗಾದಿಗೆ ಸಸಿಗಳನ್ನು ಕುಂಡದಲ್ಲಿಟ್ಟು ಹಂಚುತ್ತಿದ್ದರು. ಆ ವರ್ಷ ನನಗೂ ಒಂದು ಬಂತು. ನೀರು ಹಾಕಿದೆ, ಕೆಳಗಿಳಿಯದೆ ಮೇಲೆಯೇ ಜಾರಿ ಹೊರಗೆ ಚೆಲ್ಲಿತು. ಇದೇನೆಂದು ಬೆರಳು ಹಾಕಿ ಕೆದಕಿದೆ. ಸೂಜಿಯೆಲೆ. ಕೆಂಪಗೆ ಪುಡಿಯಾಗುವ ಮರದ ಚೂರು. ಬೇರಿಗೆ ಅಂಟಿದ ಒಂದು ನುಣುಪಾದ ದುಂಡುಗಲ್ಲು.

ಅಂಗಡಿಯ ಚೀಲದಲ್ಲಿ ದುಂಡುಗಲ್ಲು ಬರುವುದಿಲ್ಲ. ನನಗೆ ಗೊತ್ತಾಯಿತು. ಆದರೂ ಉಂಡ ಮನೆಯ ಜಂತೆ ಎಣಿಸಬಾರದೆಂದು ಬಾಯಿ ಮುಚ್ಚಿಕೊಂಡೆ. ಅಬ್ಬಬ್ಬಾ ಎಂದರೆ ಒಂದು ಚೀಲ ತಂದಿರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ಹೋಗಿ ನೋಡಿದರೆ, ಒಂದು ದೊಡ್ಡ ಕೋಣೆಯಷ್ಟು ಜಾಗದಲ್ಲಿ ಕಾಡಿನ ನೆಲವೇ ಇರಲಿಲ್ಲ. ಚಾಪೆ ಸುತ್ತಿದಂತೆ ಎತ್ತಿಕೊಂಡು ಹೋಗಿದ್ದರು. ಗುದ್ದಲಿಗೆ ಸಿಕ್ಕಿ ತುಂಡಾದ ಬೇರುಗಳು ಬೆಳ್ಳಗೆ ಕಾಣುತ್ತಿದ್ದವು, ಉಳಿದದ್ದು ಬರೀ ಕಲ್ಲು. ಟೀಚರಮ್ಮ ಅಲ್ಲೇ ನಿಂತಿದ್ದಳು. ಮುಂದಿನ ಗಾಳಿಗೆ ಈ ಮೂರು ಮರ ಉಳಿಯುವುದಿಲ್ಲ ಎಂದಳು. ಯಾರೆಂದು ತಿಳಿಯದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದೂ ಹೇಳಿದಳು.

ನಾನು ಅಲ್ಲಿ ಅಕ್ಕನ ಹೆಸರು ಹೇಳಲಿಲ್ಲ. ಮನೆಗೆ ಬಂದವಳೇ ಮೇಲಿನ ಮಹಡಿಗೆ ಹತ್ತಿದೆ.

“ಹೂಂ ಕಣೇ, ನಾವೇ ತಂದಿದ್ದು. ವ್ಯಾನ್ ತಗೊಂಡ್ ಹೋಗಿದ್ವಿ. ಎಲೆ ತಾನೇ?” ಎಂದರು, ಹುಣಸೆಹಣ್ಣು ನೆನೆಹಾಕುತ್ತ.

ಎಲ್ಲವನ್ನೂ ವಿವರಿಸಿದೆ. ಅವರ ಮುಖ ಸಣ್ಣಗಾಯಿತು. ತಪ್ಪಾಯಿತೆಂದು ನೀವೇ ಹೇಳಿಬಿಡಿ, ನಾನೂ ಜೊತೆಗೆ ಬರುತ್ತೇನೆ, ಅವಳು ಒಳ್ಳೆಯವಳು ಎಂದೆ.

“ನೀನ್ಯಾಕೆ ಸುಮ್ನೆ? ನಾನೇ ಕಾಲ್ ಮಾಡಿ ಮಾತಾಡ್ತೀನಿ, ಬಿಡು” ಎಂದರು. ನಂಬಿದೆ. ನನ್ನ ಮೈ ಮುಟ್ಟಿ ನೀರೆರೆದವರನ್ನು ನಂಬದೆ ಇನ್ನಾರನ್ನು ನಂಬಲಿ?

ಮುಂದಿನ ವಾರ ಟೀಚರಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. “ನಿನ್ನ ಗೆಳತಿ ಫೋನ್ ಮಾಡಿದ್ದಳು. ಪಾಪ, ಅತ್ತಳು. ಅದು ಮಣ್ಣೇ ಅಲ್ಲ, ಬರೀ ಎಲೆ, ತೊಗಟೆ, ಕೊಳೆತ ಮರ, ಕೆಳಗೆ ಕಲ್ಲು ಅಷ್ಟೇ, ತೆಗೆದುಕೊಂಡರೆ ತಪ್ಪಿಲ್ಲ ಅಂತ ನೀನೇ ಹೇಳಿದೆಯಂತೆ.”

“ತೆಗೆದುಕೊಳ್ಳಿ ಅಂತ ನಾನು ಹೇಳಲಿಲ್ಲ.”

“ಉಳಿದದ್ದು?”

“ಉಳಿದದ್ದು ಹೇಳಿದ್ದೆ.”

ಅಷ್ಟು ಕರಾರುವಾಕ್ಕಾಗಿ ಹೇಳಿದ ಮಾತು ನನ್ನದಲ್ಲದೆ ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ. ನಾನು ಎಷ್ಟು ಚೆನ್ನಾಗಿ ಕಲಿಸಿದ್ದೆನೋ ಅಷ್ಟೇ ಚೆನ್ನಾಗಿ ಸಿಕ್ಕಿಬಿದ್ದೆ. ಇನ್ನು ಶನಿವಾರ ಬರುವುದು ಬೇಡ ಎಂದಳು. ದೂರು ಕೊಡುವುದಿಲ್ಲವಂತೆ, ಗೊತ್ತಿಲ್ಲದೆ ಮಾಡಿದವರ ಮೇಲೆ ಏನು ದೂರು ಎಂದಳು. ಗೊತ್ತಿದ್ದವಳು ನಾನೊಬ್ಬಳೇ ಆದೆ.

ಅಕ್ಕ ಕೆಳಗೆ ಲಾಂಡ್ರಿ ರೂಮಿನಲ್ಲಿ ಬಟ್ಟೆ ಮಡಿಸುತ್ತಿದ್ದರು.

“ಯಾಕಕ್ಕ ಹಂಗ್ ಹೇಳಿದ್ರಿ?”

ಅವರು ತಲೆಯೆತ್ತಲಿಲ್ಲ. “ನಮ್ ಗ್ರೀನ್ ಕಾರ್ಡ್ ಕೊನೇ ಸ್ಟೇಜಲ್ಲಿದೆ ಕಣೇ. ಪೊಲೀಸ್ ಗಿಲೀಸ್ ಅಂತಾದ್ರೆ ಇಷ್ಟ್ ವರ್ಷ ಕಾದಿದ್ದೆಲ್ಲ ನೀರಲ್ಲಿ ಹೋಮ. ಮಕ್ಕಳ ಗತಿ ಏನು?”

“ನನ್ ಗತಿ?”

“ನೀನು ಡಿಪೆಂಡೆಂಟು. ಸಂಬಳ ಇಲ್ಲ, ಏನಿಲ್ಲ. ಅದೇನ್ ಕೆಲ್ಸಾನಾ? ನಿಂಗೇನ್ ಹೋಗತ್ತೆ, ಹೇಳು?”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಗಂಡ ಅದೇ ಮಾತು ಹೇಳಿದ್ದರೆ ಜಗಳವಾಡುತ್ತಿದ್ದೆ, ಆ ಕಾಡು ನನಗೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಆ ಶನಿವಾರವೊಂದು ಇಲ್ಲದೆ ಹೋದರೆ ನಾನಿಲ್ಲಿ ಬದುಕಿದ್ದೂ ಇಲ್ಲದಂತೆಯೇ ಎಂದು ನಾನು ಹೇಳಿಕೊಂಡದ್ದು ಈ ಊರಿನಲ್ಲಿ ಒಬ್ಬರ ಹತ್ತಿರವೇ. ಅವರು ಬಟ್ಟೆ ಮಡಿಸಿ ಮುಗಿಸಿ, ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದರು.