ಕುಚ್ಚಲಕ್ಕಿಯಾ, ಬೆಳ್ತಿಗೆಯಾ?

ನಮ್ಮ ಕಡೆಯ ಎಲ್ಲ ಮನೆಗಳ ಅಡುಗೆಕೋಣೆಯಲ್ಲೂ ಎರಡು ಅಕ್ಕಿ ಡಬ್ಬಿಗಳಿದ್ದ ಕಾಲ ಅದು. ದೊಡ್ಡದರಲ್ಲಿ ಗಂಜಿಗೆ ಕೆಂಪು ಕುಚ್ಚಲಕ್ಕಿ, ಚಿಕ್ಕದರಲ್ಲಿ ದೋಸೆ, ಕಡುಬಿಗೆ ಬಿಳಿ ಬೆಳ್ತಿಗೆ ಅಕ್ಕಿ. ಎರಡಕ್ಕೂ ಬೇರೆ ಬೇರೆ ಪಾವು. ಒಂದರ ಪಾವನ್ನು ಇನ್ನೊಂದಕ್ಕೆ ಹಾಕಿದರೆ ಮಮ್ಮಿ ಬೈಯುತ್ತಿದ್ದಳು. ಎರಡು ಅಕ್ಕಿ ಬೆರೆತರೆ ಏನಾಗುತ್ತದೆ ಎಂಬುದು ನನಗೆ ಹದಿನಾಲ್ಕನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ.

ನಮ್ಮ ಊರು ತಲ್ಲೂರಿನ ಹತ್ತಿರ. ಮನೆಯ ಮಾತು ಕೊಂಕಣಿ, ಅಂಗಳ ದಾಟಿದರೆ ಕುಂದಾಪ್ರ ಕನ್ನಡ. ಇಗರ್ಜಿ ಎಂದು ನಾವು ಕರೆಯುವ ಚಿಕ್ಕ ಚರ್ಚೊಂದಿತ್ತು. ಹೈಸ್ಕೂಲು ಮಕ್ಕಳಿಗಾಗಿ ಅಲ್ಲೊಂದು ಯುವಜನರ ಸಂಘ. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಹಿಂದಿನ ಹಂಚಿನ ಕೋಣೆಯಲ್ಲಿ ಸೇರುತ್ತಿದ್ದೆವು. ಬೈಂದೂರು ಕಡೆಯಿಂದ ಬಂದು ನೆಲೆಸಿದ ಎರಡು ಮಲಯಾಳಿ ಮನೆಗಳ ಮಕ್ಕಳೂ ಇದ್ದುದರಿಂದ ಸಂಘದಲ್ಲಿ ಎಲ್ಲರೂ ಕನ್ನಡವನ್ನೇ ಆಡುತ್ತಿದ್ದೆವು. ಆ ಕೋಣೆಗೆ ಮೇಣದಬತ್ತಿಯ ವಾಸನೆ, ಹಳೆಯ ಹಾಡಿನ ಪುಸ್ತಕಗಳ ವಾಸನೆ, ಕೊನೆಯಲ್ಲಿ ಹಂಚುತ್ತಿದ್ದ ಬೆಲ್ಲ ಅವಲಕ್ಕಿಯ ವಾಸನೆ.

ನಡೆಸುತ್ತಿದ್ದವರು ಹಿಲ್ಡಾ ಟೀಚರ್. ವಾರವಿಡೀ ಸರಕಾರಿ ಶಾಲೆಯಲ್ಲಿ ಗಣಿತ, ಭಾನುವಾರ ನಾವು. ಬೈಬಲಿನ ಒಂದು ಭಾಗ ಓದಿಸಿ, "ಈಗ ಇದನ್ನ ಕೈಯಲ್ಲಿ ಮಾಡುದ್ ಹ್ಯಾಂಗೆ?" ಎಂದು ಕೇಳುತ್ತಿದ್ದರು. ಒಂದು ವಾರ ಶಾಲೆಯ ಬಾವಿಕಟ್ಟೆ ತೊಳೆಯುವುದು, ಇನ್ನೊಂದು ವಾರ ಕಣ್ಣು ಮಂಜಾದ ಅಜ್ಜಿಯೊಬ್ಬರಿಗೆ ಪತ್ರ ಓದಿ ಹೇಳುವುದು. ಕೊನೆಗೆ ಒಬ್ಬೊಬ್ಬರೂ ಸ್ವಂತ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸಬೇಕಿತ್ತು. ನನ್ನ ಸರದಿ ಬಂದಾಗ ಕೋಣೆ ಸುಮ್ಮನಾಗುತ್ತಿತ್ತು, ನಾನೂ ಸುಮ್ಮನಿರುತ್ತಿದ್ದೆ. ಸ್ವಲ್ಪ ಹೊತ್ತು ಕಾದು ಟೀಚರೇ "ಆಮೆನ್" ಅನ್ನುತ್ತಿದ್ದರು.

"ಪ್ರೆಸಿಲ್ಲಾಂದ್ ಪ್ರಾರ್ಥನೆ ದೇವರಿಗೆ ಸೀದಾ ಪೋಸ್ಟಲ್ಲಿ ಹೋತ್ತ್, ಟೀಚರ್. ನಮಗೆಲ್ಲ ಕೇಂಬುದಿಲ್ಲೆ," ಎನ್ನುತ್ತಿದ್ದ ನನ್ನ ತರಗತಿಯ ರೋಶನ್. ನಾನು ಕಡಿಮೆ ಮಾತಿನವಳೆಂದು ಬೇರೆಯವರು ಭಾವಿಸಿದ್ದರು. ನಿಜವಾಗಿ ಮಾತು ಇತ್ತು, ಹೊರಗೆ ಬರುತ್ತಿರಲಿಲ್ಲ.

ಆ ವರ್ಷದ ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ, ಆರಂಭದಲ್ಲೇ ಮೀನು ಮಾರುವ ಗುಲಾಬಕ್ಕ ಬಿದ್ದು ಕಾಲು ಮುರಿದುಕೊಂಡರು. ಅವರು ಕಡಲಂಚಿನ ಕೋಡಿಯವರು. ಬಸ್ಸಿಳಿದು, ತಲೆಯ ಮೇಲೆ ಬುಟ್ಟಿ ಹೊತ್ತು, ನಮ್ಮ ಓಣಿಯ ಪ್ರತಿ ಗೇಟಿನ ಮುಂದೆ ನಿಂತು, "ಹ್ವಾಯ್! ಬಂಗ್ಡಿ ಇತ್ತ್, ಚಟ್ಲಿ ಇತ್ತ್!" ಎಂದು ಕೂಗುತ್ತಿದ್ದರು. ಆ ಕೂಗಿಗೆ ನಮ್ಮ ಬೆಕ್ಕುಗಳಿಗಿಂತ ಮೊದಲು ಮಮ್ಮಿ ಹೊರಗೆ ಬರುತ್ತಿದ್ದಳು. ಬೂದಿ ಬುಧವಾರದಿಂದ ಈಸ್ಟರಿನವರೆಗೆ ನಮ್ಮಂಥ ಕೆಲವು ಮನೆಗಳವರು ಮಾಂಸದ ಜೊತೆ ಮೀನನ್ನೂ ಬಿಡುತ್ತಿದ್ದರು. ಆಗ ಗುಲಾಬಕ್ಕ ಗೇಟಿಗೆ ಒರಗಿ ನಿಂತು, "ನಿಮ್ ಉಪ್ವಾಸ ಸುರು ಆರೆ ನಂಗೂ ಉಪ್ವಾಸವೇ. ಸ್ವರ್ಗಕ್ಕೆ ಹೋಪತಿಗೆ ನನ್ನೂ ಕರ್ಕಂಡ್ ಹೋಯ್ಕ್, ಕಾಣಿ," ಅನ್ನುತ್ತಿದ್ದರು.

ದೋಣಿ ನಿಲ್ಲುವ ದಕ್ಕೆಯ ಮೆಟ್ಟಿಲಲ್ಲಿ ಜಾರಿ ಬಿದ್ದರೆಂದು, ಮೊಣಕಾಲಿನಿಂದ ಪಾದದವರೆಗೆ ಪ್ಲಾಸ್ಟರು ಹಾಕಿದ್ದಾರೆಂದು ಸುದ್ದಿ ಬಂತು. ಮನೆಯಲ್ಲಿ ಮಗಳು, ಇಬ್ಬರು ಮೊಮ್ಮಕ್ಕಳು. ಮಳೆಗಾಲ ಬಂದರೆ ಮೀನೂ ಇಲ್ಲ.

"ಈ ಸಲದ ಹಿಡಿ ಅಕ್ಕಿ ಗುಲಾಬಕ್ಕನ ಮನೆಗೆ," ಎಂದರು ಟೀಚರ್.

ಹಿಡಿ ಅಕ್ಕಿ ನಮ್ಮ ಇಗರ್ಜಿಯ ಪದ್ಧತಿ. ತಪಸ್ಸುಕಾಲದ ನಲವತ್ತು ದಿನವೂ ಅಕ್ಕಿ ತೊಳೆಯುವ ಮೊದಲು ಪ್ರತಿ ಮನೆಯಲ್ಲೂ ಒಂದು ಹಿಡಿ ತೆಗೆದಿಡುತ್ತಿದ್ದರು. ಗಂಜಿಗಾದರೆ ಕುಚ್ಚಲಕ್ಕಿಯ ಹಿಡಿ, ದೋಸೆಗೆ ನೆನೆಹಾಕಿದ ದಿನ ಬೆಳ್ತಿಗೆಯ ಹಿಡಿ, ಬೇರೆ ಬೇರೆ ಡಬ್ಬಿಗಳಲ್ಲಿ. ಭಾನುವಾರ ನಾವು ಇಬ್ಬಿಬ್ಬರಾಗಿ ಹೋಗಿ ತರಬೇಕು. ಟೀಚರ್ ಪ್ರತಿ ಜೋಡಿಗೂ ಎರಡು ಬಟ್ಟೆಯ ಚೀಲ ಕೊಟ್ಟಿದ್ದರು. ಕೆಂಪು ದಾರದ್ದು ಕುಚ್ಚಲಕ್ಕಿಗೆ, ನೀಲಿ ದಾರದ್ದು ಬೆಳ್ತಿಗೆಗೆ. ಕೇಳಬೇಕಾದದ್ದು ಒಂದೇ ಪ್ರಶ್ನೆ: "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಡಬ್ಬಿ ಮಗುಚುವ ಮೊದಲು ಕೇಳಬೇಕು.

ನನಗೂ ರೋಶನ್‌ಗೂ ಗದ್ದೆಯಂಚಿನ ಹನ್ನೊಂದು ಮನೆ. ಅವನು ಕೇಳುತ್ತಿದ್ದ, ನಾನು ಸರಿಯಾದ ಚೀಲದ ಬಾಯಿ ತೆರೆಯುತ್ತಿದ್ದೆ. ಗದ್ದೆಯ ಬದುವಿನಲ್ಲಿ ನಡೆಯುತ್ತ ಅವನು ಪ್ರತಿ ಮನೆಯ ಆಂಟಿಯ ದನಿಯನ್ನೂ ಅಣಕಿಸುತ್ತಿದ್ದ. ಒಂದು ಮನೆಯಲ್ಲಿ ಗೇರುಹಣ್ಣು, ಒಂದು ಮನೆಯಲ್ಲಿ ಪುನರ್ಪುಳಿ ಶರಬತ್ತು. ಬಾಯಿ ಬಿಡದೆ ಸೇವೆ ಮಾಡಬಹುದೆಂದು ನಾನು ನೆಮ್ಮದಿಯಾಗಿದ್ದೆ.

ನಾಲ್ಕನೆಯ ಭಾನುವಾರ ರೋಶನ್‌ಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿಸಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು ಮನೆಯಲ್ಲಿ ಕುಳಿತ. ನಾನೊಬ್ಬಳೇ ಹೊರಟೆ.

ಮೊದಲ ಮನೆಯ ಆಂಟಿ ಒಲೆಯ ಮೇಲೆ ಏನೋ ಇಟ್ಟು ಬಂದಿದ್ದರು. ಅವಸರದಲ್ಲಿ ಮುಚ್ಚಿದ ಡಬ್ಬಿ ತಂದರು. ನನ್ನ ಕೈಯಲ್ಲಿ ನಮ್ಮ ಮನೆಯ ಕುಚ್ಚಲಕ್ಕಿಯಿದ್ದ ಕೆಂಪು ದಾರದ ಚೀಲ ತೆರೆದಿತ್ತು. 'ತಡೀರಿ, ಯಾವ ಅಕ್ಕಿ?' ಎನ್ನಬೇಕು. ನಾಲಿಗೆಯವರೆಗೆ ಬಂದದ್ದು ಅಲ್ಲೇ ನಿಂತಿತು. ಡಬ್ಬಿ ಮಗುಚಿತು. ಕೆಂಪು ಅಕ್ಕಿಯ ಮೇಲೆ ಬಿಳಿ ಅಕ್ಕಿ ಸರ್ರನೆ ಇಳಿಯಿತು. ಆಂಟಿ ಒಳಗೆ ಓಡಿದರು. ಒಮ್ಮೆ ಬೆರೆತ ಮೇಲೆ ಇನ್ನು ಕೇಳಿ ಏನು ಎಂದುಕೊಂಡೆ. ಉಳಿದ ಹತ್ತು ಮನೆಗಳಲ್ಲೂ ಅದೇ ಚೀಲ ಒಡ್ಡಿದೆ. ನೀಲಿ ದಾರದ ಚೀಲ ಮಡಿಕೆ ಬಿಚ್ಚಲೇ ಇಲ್ಲ. ಐದನೆಯ ಭಾನುವಾರವೂ ಹಾಗೆಯೇ.

ಇಗರ್ಜಿಯ ಉಗ್ರಾಣದಲ್ಲಿ ನನ್ನ ಚೀಲವನ್ನು ಕುಚ್ಚಲಕ್ಕಿಯ ಗೋಣಿಗೆ ಸುರಿದೆ. ನನ್ನದರ ಮೇಲೆ ಬೇರೆ ಜೋಡಿಗಳ ಕೆಂಪು ಅಕ್ಕಿ ಬಿತ್ತು. ಬಿಳಿ ಕಾಣದಂತಾಯಿತು. ಎಲ್ಲ ಅಕ್ಕಿಯೂ ಅಕ್ಕಿಯೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ವಾರ ಮಮ್ಮಿ ಗಂಜಿಗೆ ಅಕ್ಕಿ ಅಳೆಯುವಾಗಲೆಲ್ಲ ನಾನು ಅಡುಗೆಕೋಣೆಯಿಂದ ಎದ್ದು ಹೋಗುತ್ತಿದ್ದೆ.

ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರ, ಇಗರ್ಜಿಯ ಮೆರವಣಿಗೆಯಲ್ಲಿ ಹಿಡಿದ ತೆಂಗಿನ ಗರಿಗಳ ಸಮೇತ, ನಾವು ಎಂಟು ಮಂದಿ ಟೀಚರ ಜೊತೆ ಕುಚ್ಚಲಕ್ಕಿಯ ಗೋಣಿ ಹೊತ್ತು ಕೋಡಿಗೆ ಹೋದೆವು. ರೋಶನ್‌ನ ಕೆನ್ನೆ ಇಳಿದಿತ್ತು. ಗುಲಾಬಕ್ಕನ ಜಗಲಿಯಿಂದ ಬಲೆ ಒಣಹಾಕಿದ ಕಂಬಗಳು ಕಾಣುತ್ತಿದ್ದವು. ಗಾಳಿಯಲ್ಲಿ ಒಣಮೀನಿನ ವಾಸನೆ. ಅವರು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದರು.

"ಬನಿ, ಬನಿ. ಎಂತ ಇದ್, ಇಡೀ ಇಗರ್ಜಿಯೇ ಬಂದಾಂಗ್ ಇತ್ತಲೆ! ನಂಗೆ ಗರಿ ಹಿಡ್ಕಂಡ್ ಮೆರವಣ್ಗಿಯಾ?"

ಗೋಣಿಯ ಬಾಯಿ ಬಿಚ್ಚಿದೆವು. ಅಕ್ಕಿ ನೋಡುವವರೆಲ್ಲ ಮಾಡುವ ಹಾಗೆ ಅವರು ಮೊಣಕೈವರೆಗೆ ಕೈ ಇಳಿಸಿ, ಒಳಗಿನಿಂದ ಒಂದು ಹಿಡಿ ಎತ್ತಿ, ಅಂಗೈ ಬಿಡಿಸಿ ಬೆಳಕಿಗೆ ಹಿಡಿದರು. ನನ್ನ ಎರಡು ಭಾನುವಾರಗಳು ಅವರ ಅಂಗೈಯಲ್ಲಿದ್ದವು.

"ಅಯ್ಯ ಮಕ್ಳೆ, ಇದನ್ ಹ್ಯಾಂಗೆ ಬೇಯ್ಸುದ್? ಬಿಳೀದ್ ಬೆಂದ್ ಪಾಯ್ಸ ಆಪತಿಗೆ ಕೆಂಪಿಂದ್ ಕಲ್ಲೇ ಇರತ್ತ್," ಎಂದು ನಕ್ಕರು. ಬೇಸರವಿರಲಿಲ್ಲ. ಆದರೆ ಒಳಗಿನಿಂದ ಇಣುಕಿದ ಮಗಳ ಮುಖ ಚಿಕ್ಕದಾಯಿತು. ಅವಳು ಆ ಹೊತ್ತಿನ ಗಂಜಿಗೆ ಒಲೆಯ ಮೇಲೆ ನೀರು ಇಟ್ಟಿದ್ದಳು.

ಟೀಚರ್ ನಮ್ಮ ಕಡೆ ತಿರುಗಿದರು. "ಇದು ಯಾರ ಚೀಲದ್ದು?"

ರೋಶನ್ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, "ನಂದೇ, ಟೀಚರ್. ಕಳ್ದ್ ಎರಡ್ ವಾರ ನಾನೇ ಮರ್ತ್ ಒಂದೇ ಚೀಲಕ್ಕೆ ಹಾಕ್ದೆ," ಎಂದ.

"ಕಳ್ದ ಎರಡ್ ವಾರ ನೀನ್ ಮಂಗನ ಮುಖ ಮಾಡ್ಕಂಡ್ ಮನೆಯಗ್ ಇದ್ದಿಯಲೆ ಮಾರಾಯ!" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ರೋಶನ್ ಕೆನ್ನೆ ಮುಟ್ಟಿ ನೋಡಿಕೊಂಡ. ಪಾಪ, ಅವನಿಗೆ ಅದು ಮರೆತೇಹೋಗಿತ್ತು.

ಆ ನಗುವಿನ ನಡುವೆ ನಾನು, "ನಾನು ಮಾಡಿದ್ದು," ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಮೊದಲ ಸಲಕ್ಕಿಂತ ಎರಡನೆಯ ಸಲ ಕಷ್ಟವಾಯಿತು. "ನಾನ್ ಮಾಡದ್ದ್, ಟೀಚರ್. ಯಾವ ಅಕ್ಕಿ ಅಂದ್ ಕೇಂಬುಕೆ ನಾಚ್ಕಿ ಆಯ್ತ್."

ಟೀಚರ್ ಏನಾದರೂ ಹೇಳುವ ಮೊದಲೇ ಗುಲಾಬಕ್ಕ ಬಾಯಿ ಹಾಕಿದರು. "ಕೇಂಬುಕೆ ನಾಚ್ಕಿಯಾ? ಹೆಣೆ, ಇಲ್ ಬಾ. ಹೆಸ್ರ್ ಎಂತ?"

"ಪ್ರೆಸಿಲ್ಲಾ."

"ಪರ್ಸಿಲಾ. ಕಾಣ್ ಪರ್ಸಿಲಾ, ನಾನ್ ಮದಿ ಆಯ್ ಬಂದ್ ಮೊದಲ್ನೇ ದಿನ ಬುಟ್ಟಿ ಹೊತ್ಕಂಡ್ ಹೋದಳ್, ಒಂದ್ ಮನಿ ಮುಂದೂ ಬಾಯ್ ಬಿಡ್ಲಿಲ್ಲೆ. ಇಡೀ ಬುಟ್ಟಿ ಮೀನ್ ವಾಪಾಸ್ ತಂದೆ. ನಮ್ಮತ್ತೆ ಬೈಯ್ಲಿಲ್ಲೆ. ಆ ಮೀನ್ ಅಷ್ಟೂ ನನ್ ಹತ್ರವೇ ಉಪ್ಪ್ ಹಾಕ್ಸಿ ಒಣಗ್ಸಿದ್ಳ್. ಮರ್ದಿನದಿಂದ ಕೂಗುಕೆ ಕಲ್ತೆ. ಈಗ ನೀನ್ ಕೂಗ್ ಕಾಂಬ. ಹ್ವಾಯ್ ಅನ್."

ನಾನು ಟೀಚರ ಮುಖ ನೋಡಿದೆ. ಅವರು ಕೈಕಟ್ಟಿ ನಿಂತಿದ್ದರು. ಬಿಡಿಸುವ ಲಕ್ಷಣ ಕಾಣಲಿಲ್ಲ.

"ಹ್ವಾಯ್."

"ಇದ್ ಬೆಕ್ಕಿನ್ ಮರಿ ಕೂಗ್ದಾಂಗ್ ಆಯ್ತ್. ಗಂಟ್ಲಿಂದ ಅಲ್ಲ ಹೆಣೆ, ಹೊಟ್ಟಿಯಿಂದ."

"ಹ್ವಾಯ್!"

"ಈಗ ಬೆಕ್ಕ್ ದೊಡ್ಡ ಆಯ್ತ್. ಮತ್ತೊಂದ್ ಸಲ."

ಮೂರನೆಯ ಸಲ ಎಲ್ಲಿಂದ ಬಂತೋ ಗೊತ್ತಿಲ್ಲ. ಎದೆಯೊಳಗೆ ಬಾಗಿಲು ತೆರೆದ ಹಾಗೆ ಆ ಕೂಗು ಹೊರಗೆ ಹೋಯಿತು. ಪಕ್ಕದ ಮನೆಯ ಹೆಂಗಸೊಬ್ಬಳು ತಟ್ಟೆ ಹಿಡಿದು ಅಂಗಳಕ್ಕೆ ಬಂದು, "ಎಂತ ಮೀನಾ?" ಎಂದು ಕೇಳಿದಳು.

ಗುಲಾಬಕ್ಕ ಸ್ಟೂಲು ಅಲುಗಾಡುವಷ್ಟು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ಆ ನೀರಿನಲ್ಲಿ ಬೇರೆಯದೂ ಸ್ವಲ್ಪ ಬೆರೆತಿತ್ತು.

ನಗು ಇಳಿದ ಮೇಲೆ ಗುಲಾಬಕ್ಕ ಅಂಗೈಯ ಅಕ್ಕಿಯನ್ನು ಇನ್ನೊಮ್ಮೆ ನೋಡಿದರು. "ಟೀಚ್ರೆ, ನಿಮ್ ಹಬ್ಬಕ್ಕೆ ಸಾನ್ನಾಂ ಅಂತ್ ಮಾಡ್ತ್ರಿಯಲೆ, ವರ್ಷ ವರ್ಷ ನಂಗೂ ಕೊಡ್ತ್ರಿ, ಇಡ್ಲಿಯಂಥದ್. ಅದಕ್ಕೆ ಎರಡೂ ಅಕ್ಕಿ ಬೇಕಲ್ದಾ?"

ಟೀಚರ್ ಹಣೆಗೆ ಕೈ ಹೊಡೆದುಕೊಂಡರು. ಹೌದು. ಕುಚ್ಚಲಕ್ಕಿ, ಬೆಳ್ತಿಗೆ ಎರಡನ್ನೂ ನೆನೆಸಿ, ಉದ್ದು ಸೇರಿಸಿ ರುಬ್ಬಿ, ಕಳ್ಳು ಹಾಕಿ ಉಬ್ಬಿಸಿದ ಹಿಟ್ಟಿನಿಂದಲೇ ನಮ್ಮ ಮನೆಗಳಲ್ಲಿ ಸಾನ್ನಾಂ ಮಾಡುತ್ತಿದ್ದುದು. ನಮ್ಮ ಅಡುಗೆಯನ್ನು ನಮಗೆ ನೆನಪಿಸಿದವರು ಮೀನು ಮಾರುವ ಗುಲಾಬಕ್ಕ.

ಹಾಗಾಗಿ ಗೋಣಿ ನಮ್ಮ ಜೊತೆಗೇ ವಾಪಸಾಯಿತು. ಆ ಹೊತ್ತಿನ ಗಂಜಿಗೆ ಪಕ್ಕದ ಮನೆಯ ಹೆಂಗಸು ಒಂದು ಪಾವು ಕುಚ್ಚಲಕ್ಕಿ ಕೊಟ್ಟಳು. ಉಗ್ರಾಣದಲ್ಲಿ ಉಳಿದಿದ್ದ ಬೆಳ್ತಿಗೆಯ ಗೋಣಿ ಮರುದಿನವೇ ಕೋಡಿಗೆ ಹೋಯಿತು. ಆದರೆ ಗಂಜಿಗೆ ಕುಚ್ಚಲಕ್ಕಿ ಆಗಬೇಕಿತ್ತು. ಬಸ್ಸಿನಲ್ಲಿ ಟೀಚರ್ ನನ್ನ ಪಕ್ಕ ಕುಳಿತರು. "ಹಬ್ಬಕ್ಕೆ ಒಂದು ವಾರ ಇದೆ. ಹನ್ನೊಂದೂ ಮನೆಗೆ ಹೋಗಿ ನಡೆದದ್ದನ್ನು ಹೇಳು. ಕುಚ್ಚಲಕ್ಕಿ ಕೇಳು. ರೋಶನ್ ಬೇಡ, ನೀನೇ," ಎಂದರು. ಇಳಿಯಲು ಎದ್ದಾಗ, "ದೇವರಿಗೆ ಕೇಳಿಸ್ಲಿಕ್ಕೆ ನೀನು ಕೂಗಬೇಕಾಗಿಲ್ಲ. ಮನುಷ್ಯರಿಗೆ ಕೂಗಬೇಕಾಗ್ತದೆ ಮಗಾ," ಎಂದರು.

ಸೋಮವಾರ ಶಾಲೆ ಬಿಟ್ಟ ಮೇಲೆ ಮೊದಲ ಗೇಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ! ಗೇಟಿನ ಕಬ್ಬಿಣ ಬಿಸಿಲಿಗೆ ಕಾದಿತ್ತು. ಕೊನೆಗೆ ಕಣ್ಣುಮುಚ್ಚಿ, "ಹ್ವಾಯ್!" ಎಂದೆ. ಆಂಟಿ ಹೊರಗೆ ಬಂದು, ನನ್ನನ್ನು ನೋಡಿ, ನನ್ನ ಹಿಂದೆ ಬುಟ್ಟಿಗಾಗಿ ಹುಡುಕಿದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವರು ನಕ್ಕು ಒಂದು ಹಿಡಿಗೆ ಬದಲು ಒಂದು ಸೇರು ಅಳೆದರು. ಮೂರನೆಯ ಮನೆಯಲ್ಲಿ ಒಬ್ಬರು, "ಹುಡ್ಗಿ ಆಯ್ ಅಕ್ಕಿ ಬಣ್ಣ ಗೊತ್ತಿಲ್ಲದಾ?" ಎಂದು ಚುಚ್ಚಿದರು. ನಿಂತು ಕೇಳಿಸಿಕೊಂಡೆ. ಅವರೂ ಕೊಟ್ಟರು. ಬುಧವಾರಕ್ಕೆ ಹನ್ನೊಂದು ಮನೆ ಮುಗಿದವು. ಗುರುವಾರ ನಾನೂ ರೋಶನ್‌ನೂ ಕೆಂಪು ದಾರ ಕಟ್ಟಿದ ಗೋಣಿಯನ್ನು ಕೋಡಿಗೆ ಮುಟ್ಟಿಸಿದೆವು.

ಈಸ್ಟರ್ ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಹಬೆಯಾಡುವ ಸಾನ್ನಾಂ. ನಸುಗೆಂಪು ಬಣ್ಣ, ಸ್ಪಂಜಿನಷ್ಟು ಮೆತ್ತಗೆ, ಕಳ್ಳಿನ ಸಣ್ಣ ಹುಳಿ. ಒಂದು ಪಾತ್ರೆ ಕೋಡಿಗೆ ಹೋಯಿತು. ಅಲ್ಲಿಂದ ಅದೇ ಪಾತ್ರೆಯಲ್ಲಿ, ಕುಳಿತಲ್ಲೇ ಗುಲಾಬಕ್ಕ ಮಾಡಿದ ಬಂಗಡೆ ಸಾರು ಬಂತು. ನಲವತ್ತು ದಿನಗಳ ನಂತರ ತಿಂದ ಆ ಮೀನಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆ ದಿನ ಹಂಚಿನ ಕೋಣೆಯಲ್ಲಿ ನನ್ನ ಸರದಿ ಬಂದಾಗ ಟೀಚರ್ ನನ್ನ ಪರವಾಗಿ "ಆಮೆನ್" ಅನ್ನಬೇಕಾಗಲಿಲ್ಲ. ಏನು ಪ್ರಾರ್ಥಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಗುಲಾಬಕ್ಕ ಸ್ವಲ್ಪ ಕುಂಟುತ್ತ ಮತ್ತೆ ಬಂದರು. ಹನ್ನೊಂದು ಮನೆಗಳಲ್ಲೂ ಒಂದೊಂದು ಹಿಡಿ ಸಣ್ಣ ಮೀನನ್ನು ಸುಮ್ಮನೆ ಕೊಟ್ಟರು. ಬೇಡವೆಂದವರಿಗೆ, "ನೀವ್ ಹಿಡಿ ಕೊಡ್ಲಕ್ಕ್, ನಾನ್ ಕೊಡುಕಾಗಾ?" ಎಂದು ಕೇಳಿದರಂತೆ.

ಈಗ ನಾನು ಬ್ರಹ್ಮಾವರದ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಪ್ಪತ್ತು ಮಕ್ಕಳ ತರಗತಿಯ ಕೊನೆಯ ಬೆಂಚಿಗೂ ನನ್ನ ದನಿ ಮುಟ್ಟುತ್ತದೆ. ಅದು ಎಲ್ಲಿ ಕಲಿತದ್ದೆಂದು ಯಾರೂ ಕೇಳಿಲ್ಲ. ರೋಶನ್ ಮಸ್ಕತ್ತಿನಲ್ಲಿದ್ದಾನೆ. ಹಿಲ್ಡಾ ಟೀಚರ್ ನಿವೃತ್ತರಾಗಿ ಬೈಂದೂರಿನಲ್ಲಿ ತಂಗಿಯ ಜೊತೆ ಇದ್ದಾರೆ. ಗುಲಾಬಕ್ಕ ಇಲ್ಲ. ಅವರ ಮಗಳು ಸ್ಕೂಟರಿನಲ್ಲಿ ಮೀನು ತರುತ್ತಾಳೆ. ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾಳೆ.

ಕಳೆದ ತಪಸ್ಸುಕಾಲದಲ್ಲಿ ಊರಿಗೆ ಹೋಗಿದ್ದೆ. ಸಂಘ ಇನ್ನೂ ಇದೆ, ಮಕ್ಕಳು ನಮಗಿಂತ ಹೆಚ್ಚು ಮನೆಗಳಿಗೆ ನೆರವಾಗುತ್ತಿದ್ದಾರೆ. ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಈಗ ಹಿಡಿ ತೆಗೆದಿಡುವುದಿಲ್ಲ, ಪ್ರತಿ ಮನೆಯಿಂದ ಅಂಗಡಿಯ ಐದು ಕಿಲೋ ಪೊಟ್ಟಣ. ಬೆರೆಯುವ ಭಯವಿಲ್ಲ. ಭಾನುವಾರ ಮಮ್ಮಿಯ ಮೊಬೈಲಿಗೆ 'ಗೇಟಿನ ಹತ್ತಿರ ಇದ್ದೇವೆ' ಎಂಬ ಸಂದೇಶ ಬಂತು. ಪೊಟ್ಟಣ ಎತ್ತಿಕೊಂಡು ನಾನು ಹೊರಗೆ ಹೋದೆ. ಹದಿನಾಲ್ಕರ ಹುಡುಗಿಯೊಬ್ಬಳು ಬಾಯಿ ಬಿಡದೆ, ನಗುತ್ತ ಎರಡೂ ಕೈ ಚಾಚಿದಳು.

ಕೊಡುವ ಮೊದಲು ಒಂದು ಕ್ಷಣ ತಡೆದೆ, ಅವಳು ಕೇಳಬಹುದೆಂದು. ಅವಳು ಕೇಳಲಿಲ್ಲ. ಯಾವ ಅಕ್ಕಿ ಎಂದು ಪೊಟ್ಟಣದ ಮೇಲೆ ಬರೆದಿತ್ತು.