ಭಾವನ ಹಣೆಯ ವಿಭೂತಿ

ನಮ್ಮ ಭಾವನದು ಅಗಲವಾದ ಹಣೆ. ಬೆಳಗಿನ ಹೊತ್ತು ಅದರ ಮೇಲೆ ಮೂರು ಬೆರಳಿನ ವಿಭೂತಿ ಎದ್ದು ಕಾಣುತ್ತಿತ್ತು. ಮಧ್ಯಾಹ್ನಕ್ಕೆ ತೋಟದ ಬೆವರಿಗೆ ಹುಬ್ಬಿನವರೆಗೆ ಇಳಿದು ಕಲಸಿಹೋಗಿರುತ್ತಿತ್ತು. ಸಂಜೆಗೆ ಏನೂ ಉಳಿಯುತ್ತಿರಲಿಲ್ಲ. ಮೊದಲ ಸಲ ನೋಡಿದವರು ಯಾರೂ ಈ ಮನುಷ್ಯ ದೇವರನ್ನು ನಂಬುವುದಿಲ್ಲ ಎಂದುಕೊಳ್ಳುತ್ತಿರಲಿಲ್ಲ. ಆದರೆ ಭಾವ ನಂಬುತ್ತಿರಲಿಲ್ಲ. ಅವರ ಊರು ಪಂಚನಹಳ್ಳಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

ವಿಭೂತಿ ಹಚ್ಚುತ್ತಿದ್ದವಳು ನಮ್ಮಕ್ಕ. ಪೂಜೆ ಮುಗಿಸಿ ಬಂದು, ಜಗಲಿಯ ಮೇಲೆ ಪೇಪರ್ ಓದುತ್ತ ಕೂತ ಗಂಡನ ಹಣೆಗೆ ಎಳೆದು ಒಳಗೆ ಹೋಗುತ್ತಿದ್ದಳು. ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಒಂದು ದಿನ ನಾನು ಕೇಳಿಯೇಬಿಟ್ಟೆ.

“ಏನ್ ಭಾವ, ದೇವರಿಲ್ಲ ಅಂತೀರಿ, ಹಣೆ ತುಂಬ ವಿಭೂತಿ!”

“ಇದು ದೇವ್ರದಲ್ಲ ಕಣೋ ಮೇಷ್ಟ್ರೇ, ನಿಮ್ಮಕ್ಕನ ಕೈದು. ಅವ್ಳು ಇದಾಳೆ ಅನ್ನೋದ್ರಲ್ಲಿ ನಂಗೇನೂ ಅನುಮಾನ ಇಲ್ಲ.”

ನಾನು ಮೊದಲು ತರೀಕೆರೆಯಲ್ಲಿ, ಆಮೇಲೆ ಕಡೂರಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಐದಕ್ಕೆ ಎದ್ದು, ಸ್ನಾನ ಪೂಜೆ ಮುಗಿಸದೆ ಬಾಯಿಗೆ ನೀರು ಹಾಕಿದವನಲ್ಲ. ಭಾನುವಾರ ಮೊದಲ ಬಸ್ಸಿಗೆ ಅಕ್ಕನ ಮನೆಗೆ ಹೋಗುವುದು, ಊಟವಾಗುವ ತನಕ ಭಾವನ ಜೊತೆ ಜಗಳವಾಡುವುದು ನನ್ನ ವಾರದ ವೇಳಾಪಟ್ಟಿಯಲ್ಲಿ ಸೇರಿಹೋಗಿತ್ತು. ಜಗಳಕ್ಕೆ ವಿಷಯ ಒಂದೇ. ದೇವರ ಭಯವಿಲ್ಲದಿದ್ದರೆ ಮನುಷ್ಯ ನೆಟ್ಟಗಿರುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಭಾವ ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತ ಕೇಳಿಸಿಕೊಳ್ಳುತ್ತಿದ್ದರು. ಅಕ್ಕನ ಪೊರಕೆಗೆ ಕಡ್ಡಿ ಒದಗಿಸುವ ಕೆಲಸವನ್ನು ಅವರು ಈ ವಾದದ ಹೊತ್ತಿಗೇ ಎತ್ತಿಟ್ಟುಕೊಂಡಿದ್ದರು.

“ನೀನು ಸೀಟಿ ಊದ್ದೇ ಇದ್ರೆ ನಿನ್ ಹುಡುಗ್ರು ಸಾಲಲ್ಲಿ ನಿಲ್ತಾರೇನೋ?”

“ನಿಲ್ಲಲ್ಲ.”

“ಮತ್ತೆ ಅವ್ರು ಕಲ್ತಿದ್ದು ಸಾಲಲ್ಲಿ ನಿಲ್ಲೋದಲ್ಲ ಕಣಪ್ಪಾ. ಸೀಟಿಗೆ ಹೆದರೋದು.”

ನಾನು ಎದ್ದು ಹೋಗಿ ಮಜ್ಜಿಗೆ ಕುಡಿದು ಬಂದೆ. ಎಷ್ಟೋ ಭಾನುವಾರಗಳು ಮಜ್ಜಿಗೆಯಲ್ಲೇ ಮುಗಿದವು.

ದೇವಸ್ಥಾನಕ್ಕೆ ಹೋದರೆ ಅವರು ಹೊರಗೇ ನಿಲ್ಲುತ್ತಿದ್ದರು. “ನೀವು ಒಳಗೆ ಹೋಗಿ ಬೇಡ್ಕೊಳ್ಳಿ. ನಾನು ಚಪ್ಪಲಿ ಕಾಯ್ತೀನಿ. ಕಳುವಾಗೋದು ಇಲ್ಲೇ ತಾನೇ?” ಎನ್ನುತ್ತಿದ್ದರು. ಅಕ್ಕ ದುರುಗುಟ್ಟಿಕೊಂಡು ಹೋಗಿ, ಬರುವಾಗ ಅವರ ಪಾಲಿನ ಪ್ರಸಾದವನ್ನೂ ತರುತ್ತಿದ್ದಳು. ಅದನ್ನು ಚೂರೂ ಬಿಡದೆ ತಿನ್ನುತ್ತಿದ್ದರು.

ಇಷ್ಟು ಹಗುರವಾಗಿ ನಡೆಯುತ್ತಿದ್ದ ವಾದ ಒಂದು ವರ್ಷ ಅವರ ಬದುಕಿನ ಮೇಲೇ ಬಂತು.

ಭಾವನ ತೋಟಕ್ಕೂ ಅವರ ಚಿಕ್ಕಪ್ಪನ ಮಗನ ತೋಟಕ್ಕೂ ನಡುವೆ ಬದುವಿನ ಮೇಲೆ ಒಂದು ಸಾಲು ತೆಂಗು. ನೆಟ್ಟವರು ಭಾವನ ತಂದೆ. ಆ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದವಳು ಹೊಸ ಸೊಸೆಯಾಗಿ ಬಂದ ನಮ್ಮಕ್ಕ. ಜೆಸಿಬಿ ತರಿಸಿ ಬದು ಸರಿಮಾಡಿಸುವಾಗ ಗಡಿಕಲ್ಲು ಕಿತ್ತುಹೋಯಿತು. ಅಲ್ಲಿಂದ ಆ ಚಿಕ್ಕಪ್ಪನ ಮಗ, ವರಸೆಯಲ್ಲಿ ಭಾವನ ತಮ್ಮ, ಸಾಲು ತನ್ನದು ಎನ್ನತೊಡಗಿದ. ಸರ್ವೆಗೆ ಅರ್ಜಿ ಹಾಕಿದರೆ ಯಾವ ಕಾಲಕ್ಕೆ ಬರುತ್ತಾರೋ. ಊರಿನ ಹಿರಿಯರು ಅಲ್ಲಿ ನಡೆದು ಬಂದ ಕ್ರಮವನ್ನೇ ಹೇಳಿದರು: ದೇವರ ಮುಂದೆ ಹಚ್ಚಿದ ಕರ್ಪೂರವನ್ನು ಅಂಗೈಯಲ್ಲಿ ಒತ್ತಿ ಆರಿಸಿ ‘ಇದು ನನ್ನದು’ ಅಂದವನದೇ ಮರ. ಆಮೇಲೆ ಮಾತಿಲ್ಲ. ಅಣ್ಣನಾದ್ದರಿಂದ ಮೊದಲ ಅವಕಾಶ ಭಾವನಿಗೆ.

ಭಾವ ಆಗುವುದಿಲ್ಲ ಎಂದರು.

ಕರ್ಪೂರ ಆರಿಸಬೇಕಾಗಿದ್ದ ದಿನ ಬೆಳಿಗ್ಗೆ ಅಕ್ಕ ಕಾಲು ಹಿಡಿಯುವುದೊಂದು ಬಾಕಿ. “ಸುಳ್ಳು ಹೇಳಿ ಅಂತಿಲ್ವಲ್ರೀ. ಇರೋದನ್ನೇ ಹೇಳಿ ಬನ್ನಿ. ಹೊತ್ತ ನೀರು ನಂದು ಕಣ್ರೀ.”

ನಾನೂ ಸೇರಿಕೊಂಡೆ. “ನಿಮಗೆ ಅದು ಬರೀ ಕರ್ಪೂರ ತಾನೇ ಭಾವ? ಆರಿಸಿಬಿಡಿ. ನಂಬೋನಿಗೆ ಕಷ್ಟ, ನಿಮಗೇನು?”

ಅವರು ಕಡ್ಡಿ ಸೀಳುವುದನ್ನು ನಿಲ್ಲಿಸಿದರು. “ನಂಗೆ ಬರೀ ಕರ್ಪೂರ, ನಿಜ. ನೋಡ್ತಾ ನಿಂತಿರೋರಿಗೆ ಅಲ್ವಲ್ಲ. ನಾನೂ ದೇವ್ರಿಗೆ ಹೆದರ್ತೀನಿ ಅಂತ ಅವ್ರನ್ನ ನಂಬ್ಸಿ ಮರ ತಗೊಂಡ್ರೆ ಅದು ಮೋಸ ಅಲ್ವೇನೋ? ಮರ ನಂದೇ. ಆದ್ರೂ ಮೋಸ ಮೋಸಾನೇ.”

ಗುಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲರೆದುರು ಅದನ್ನೇ ಹೇಳಿದರು. ಯಾರೋ ನಕ್ಕರು. “ಸುಳ್ಳು ಅಂತ ಅವ್ರಿಗೇ ಗೊತ್ತು, ಅದಕ್ಕೇ ಕೈ ಬರ್ತಿಲ್ಲ” ಅಂದವರೂ ಇದ್ದರು. ಆಮೇಲೆ ಆ ತಮ್ಮ ಮುಂದೆ ಬಂದ. ಅವನು ಸೋಮವಾರ ತಪ್ಪದೆ ಉಪವಾಸವಿರುತ್ತಿದ್ದವನು. ಕರ್ಪೂರದತ್ತ ಚಾಚಿದ ಕೈಯನ್ನು ಅವನು ಒಮ್ಮೆ ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಆದರೆ ಆರಿಸಿದ. ಸಾಲು ಅವನದಾಯಿತು. ಅಕ್ಕ ತಿಂಗಳುಗಟ್ಟಲೆ ಆ ಬದುವಿನ ಕಡೆ ಮುಖ ಹಾಕಲಿಲ್ಲ. ಗಂಡನ ಹಣೆಗೆ ವಿಭೂತಿ ಹಚ್ಚುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮುಂದಿನ ವರ್ಷ ತಮ್ಮನ ಹೆಂಡತಿಗೆ ಪಾರ್ಶ್ವವಾಯು ಹೊಡೆಯಿತು. ಕಡೂರಿಗೆ, ಅಲ್ಲಿಂದ ಶಿವಮೊಗ್ಗಕ್ಕೆ ಕರೆದೊಯ್ದರು; ಆಕೆ ಉಳಿಯಲಿಲ್ಲ. ಊರು ಒಂದೇ ಮಾತು ಆಡಿತು: ಕರ್ಪೂರ ಸುಟ್ಟಿತು. ನಮ್ಮಕ್ಕನನ್ನು ಕಂಡವರೆಲ್ಲ “ದೇವ್ರು ನಿಮ್ ಕಡೆ ಇದಾನಮ್ಮ” ಎನ್ನುವವರೇ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿಗೂ ಅದೇ ಲೆಕ್ಕ ಬಂದಿತ್ತು.

ತಮ್ಮ ಒಂದು ಭಾನುವಾರ ಭಾವನ ಜಗಲಿಗೆ ಬಂದ. ಗಡ್ಡ ಬೆಳೆದಿತ್ತು. ಮೇಲೆ ಹತ್ತದೆ ಕೆಳಗೇ ಕುಸಿದು ಕೂತ.

“ಸಾಲು ನಿಂದೇ, ತಗೋ ಅಣ್ಣಾ. ಇನ್ನು ಮಗಳೊಬ್ಬಳು ಉಳಿದವ್ಳೆ. ಅವಳನ್ನಾದ್ರೂ ಬಿಡು ಅಂತ ಹೇಳು.”

“ಯಾರಿಗೆ ಹೇಳ್ಲೋ?”

ಅವನು ಮೇಲೆ ಕೈ ತೋರಿಸಿದ. ಭಾವ ಜಗಲಿಯಿಂದ ಇಳಿದು ಅವನ ಪಕ್ಕ ನೆಲದಲ್ಲೇ ಕೂತರು. ಆ ಗಳಿಗೆಯಲ್ಲಿ ಅವರ ಜಾಗದಲ್ಲಿ ನಾನಿದ್ದಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತು. ಅವರು ಹೇಳಿದ್ದೇ ಬೇರೆ.

“ಲೇ, ಇಲ್ಲಿ ಕೇಳು. ನಿನ್ ಹೆಂಡ್ತಿಗೆ ಬಿಪಿ ಇತ್ತು. ಮಾತ್ರೆ ಬಿಟ್ಟಿದ್ಲು. ಅದಕ್ಕೇ ಸತ್ಲು. ಕರ್ಪೂರಕ್ಕೂ ಅದಕ್ಕೂ ಸಂಬಂಧ ಇಲ್ಲ. ದೇವ್ರು ಇಲ್ಲ ಅನ್ನೋನು ನಾನು. ಒಂದು ಪಕ್ಷ ಇದ್ದ ಅಂತಾನೇ ಇಟ್ಕೋ. ಒಂದು ಸಾಲು ತೆಂಗಿನ ಮರಕ್ಕೆ ಆ ಹೆಣ್ಣುಮಗಳನ್ನ ಸಾಯ್ಸೋ ಅಷ್ಟು ಸಣ್ಣೋನಲ್ಲ ಕಣೋ ಅವನು.”

“ಮರ ತಗೋ ಅಣ್ಣಾ...”

“ಈಗ ಬೇಡ. ಹೆದರಿ ಕೊಡ್ತಿದೀಯ. ಹೆದರಿಕೆ ಹೋದ್ಮೇಲೆ ಒಂದಿನ ಬಂದು, ‘ನಿಂದು, ನಾನು ಸುಳ್ಳು ಹೇಳ್ದೆ’ ಅನ್ನು. ಅವತ್ತು ತಗೋತೀನಿ.”

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಅಕ್ಕ ಅವನಿಗೆ ತಟ್ಟೆ ಹಾಕಿದಳು. ಆಮೇಲೆ ಭಾವ ಬಹಳ ದಿನ ಸಂಜೆ ಹೊತ್ತು ಅವನ ಮನೆಗೆ ಹೋಗಿ ಕೂತು ಬರುತ್ತಿದ್ದರು. ಅವನು ಚೇತರಿಸಿಕೊಂಡ. ಮಗಳ ಮದುವೆ ಮಾಡಿದ. ಆ ಸಾಲಿನ ಕಾಯಿಯನ್ನು ಮಾತ್ರ ಇಬ್ಬರೂ ಕೀಳಿಸುತ್ತಿರಲಿಲ್ಲ. ತಾವಾಗಿ ಉದುರಿದ ಕಾಯನ್ನು ಭಾವ ಆ ಕಡೆಗೆ ಎಸೆಯುತ್ತಿದ್ದರು, ಅವನು ಈ ಕಡೆಗೆ. ಮೊಳಕೆ ಬರುವ ತನಕ ಅವು ಅತ್ತಿತ್ತ ಓಡಾಡಿಕೊಂಡಿರುತ್ತಿದ್ದವು. ಭಾವ ಕಾಯುತ್ತಿದ್ದ ಮಾತು ಮಾತ್ರ ಬರಲಿಲ್ಲ. ಹೆದರಿಕೆ ಹೋದ ಮೇಲೆ ಅವನಿಗೆ ಆ ಮಾತೂ ಮರೆತಂತಿತ್ತು.

“ಸೋತ್ರಿ ಭಾವ,” ಎಂದೆ ನಾನು ಒಮ್ಮೆ. “ಹೆದರಿಕೆ ಇಲ್ದೆ ಯಾರೂ ಬಾಯಿ ಬಿಡಲ್ಲ.”

“ಇರ್ಬೋದು ಕಣೋ,” ಎಂದರು. ಅವರ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಕಳೆದ ವರ್ಷ ಅವರ ಹೃದಯ ಸೋತಿತು. ಮಲಗಿದಲ್ಲೇ ಒಂದು ದಿನ ನನ್ನನ್ನು ಹತ್ತಿರ ಕರೆದರು. “ಸತ್ಮೇಲೆ ನಿಮ್ಮಕ್ಕಂಗೆ ಹೆಂಗೆ ಸಮಾಧಾನವೋ ಹಂಗೆ ಎಲ್ಲ ಮಾಡ್ಸು. ಪೂಜೆ, ವಿಭೂತಿ, ಏನಾದ್ರೂ ಸರಿ. ನಂಗೆ ಗೊತ್ತಾಗಲ್ಲ. ಆದ್ರೆ ಕೊನೇಲಿ ದೇವ್ರನ್ನ ನೆನೆಸ್ಕೊಂಡ ಅಂತ ಮಾತ್ರ ಹೇಳ್ಬೇಡ. ಜನ ಕೇಳ್ತಾರೆ. ಹೇಳ್ಬೇಡ.”

ಹೋದದ್ದು ಬೆಳಗಿನ ಹೊತ್ತು. ಅಕ್ಕ ಪೂಜೆಯಲ್ಲಿದ್ದಳು. ಹತ್ತಿರ ನಾನೊಬ್ಬನೇ.

ತೋಟದಲ್ಲಿ, ಆ ಸಾಲಿನ ಪಕ್ಕದಲ್ಲೇ ಸಮಾಧಿಗೆ ಮಣ್ಣು ತೆಗೆದಿದ್ದರು. ಊರು ಸೇರಿತ್ತು. ತಮ್ಮ ಒಂದು ಮರಕ್ಕೆ ಒರಗಿ ನಿಂತು ಅಳುತ್ತಿದ್ದ. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ನೋರು ನನ್ನತ್ತ ತಿರುಗಿ ಕೇಳಿದರು: “ಮೇಷ್ಟ್ರೇ, ನೀವು ಹತ್ರ ಇದ್ರಂತೆ. ಕೊನೆಗಾದ್ರೂ ಶಿವ ಅಂದ್ರಾ?”

ಅಕ್ಕ ತಲೆ ಎತ್ತಿದಳು. ಅಂದರು ಎಂದು ಹೇಳು ಎಂದು ಅವಳ ಕಣ್ಣು ನನ್ನನ್ನು ಬೇಡುತ್ತಿತ್ತು. ಆ ಒಂದು ಮಾತಿನ ಮೇಲೆ ಅವಳು ಉಳಿದ ಆಯುಸ್ಸು ನೆಮ್ಮದಿಯಾಗಿ ಕಳೆಯುತ್ತಿದ್ದಳು. ನಾನು ದೇವರನ್ನು ನಂಬಿದವನು. ಸುಳ್ಳು ಹೇಳಿದರೆ ದೇವರು ಶಿಕ್ಷಿಸುತ್ತಾನೆ ಎಂಬ ಭಯ ಆ ಹೊತ್ತು ನನಗೆ ಇರಲಿಲ್ಲ. ಅಂಥ ಸುಳ್ಳನ್ನು ಅವನೂ ಕ್ಷಮಿಸುತ್ತಿದ್ದ. ಹೇಳಬಾರದು ಎಂದು ತಡೆಯಲು ಅಲ್ಲಿ ಯಾರೂ ಇರಲಿಲ್ಲ. ತಡೆಯಬಹುದಾದವರು ಕಣ್ಣು ಮುಚ್ಚಿದ್ದರು.

“ಇಲ್ಲ ಅಯ್ನೋರೇ,” ಎಂದೆ. “ನೀರು ಕೇಳಿದರು, ಕೊಟ್ಟೆ. ಆಮೇಲೆ ‘ಅವ್ಳೆಲ್ಲಿ’ ಅಂದರು. ಅಷ್ಟೇ.”

ಅಕ್ಕ ನನ್ನನ್ನೇ ನೋಡಿದಳು. ಮರಕ್ಕೆ ಒರಗಿದ್ದ ತಮ್ಮನ ಅಳು ನಿಂತಿತ್ತು. ಅವನು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಅಕ್ಕ ಅಯ್ನೋರ ಕೈಯಿಂದ ವಿಭೂತಿ ಗಟ್ಟಿ ತೆಗೆದುಕೊಂಡು, ಬಗ್ಗಿ, ದಿನವೂ ಎಳೆಯುತ್ತಿದ್ದ ಹಾಗೆಯೇ ಆ ಅಗಲವಾದ ಹಣೆಗೆ ಎಳೆದಳು.

“ಇಲ್ಲೇ ಇದೀನಿ ಕಣ್ರೀ,” ಎಂದಳು.

ಅವತ್ತು ಬಿಸಿಲು ಬಹಳ ಇತ್ತು. ಸುತ್ತ ನಿಂತ ನಮ್ಮೆಲ್ಲರ ಹಣೆಯ ವಿಭೂತಿ ಬೆವರಿಗೆ ಕಲಸಿ ಇಳಿಯುತ್ತಿತ್ತು. ಭಾವನದು ಹಾಗೇ ಇತ್ತು.