ಅಕ್ಕನ ಅರ್ಜಿ

ಮೊಣಕಾಲು ನೋವಿನ ನಮ್ಮಕ್ಕ ಕೊಟ್ಟೂರಿನ ಬಜಾರಿನಲ್ಲಿ ನಿಂತು ನಿಂತು ನಡೆಯುತ್ತಿದ್ದಳು. ಅಂಗಡಿಯವರು ಫುಟ್‌ಪಾತಿನ ಮೇಲೆ ಕಟ್ಟಿಕೊಂಡ ಕಟ್ಟೆಗಳಿಗೆ ಕೋಲಿನಿಂದ ಬಡಿದು, "ನಡಿಯೋರು ಎಲ್ಲಿ ನಡೀಬೇಕ್ರಿ?" ಎನ್ನುತ್ತಿದ್ದಳು.

ಒಮ್ಮೆ ಪಟ್ಟಣ ಪಂಚಾಯ್ತಿಗೆ ಅರ್ಜಿ ಬರೆಸಿದಳು. ಆರನೇ ಕ್ಲಾಸು ಓದಿದ ನಾನೇ ಮನೆಯ ಪಂಡಿತ. "ಎಲ್ಲಾ ಅಂಗಡಿ ಬರಿಯಲೇ, ನಿಂದೂ ಸೇರ್ಸಿ," ಎಂದಳು. ನನ್ನ ಪಂಕ್ಚರ್ ಅಂಗಡಿಯೊಂದನ್ನು ಬಿಟ್ಟು ಎಲ್ಲ ಬರೆದೆ. ಓದಲು ಬಾರದ ಅಕ್ಕ ಹೆಬ್ಬೆಟ್ಟು ಒತ್ತಿದಳು.

ಪಟ್ಟಿಯಲ್ಲಿದ್ದ ಕಟ್ಟೆಗಳನ್ನೆಲ್ಲ ಪಂಚಾಯ್ತಿಯವರು ಒಡೆದರು.

"ನಿಂದೊಂದು ಮರ್ತಾರ ನೋಡಲೇ," ಎಂದಳು ಅಕ್ಕ.

"ಹೌದಲ್ಲಬೇ!" ಎಂದೆ.

ಆಮೇಲೆ ಆಕೆ ಇರುವತನಕ ನನ್ನ ಅಂಗಡಿಯ ಮುಂದೆ ಮಾತ್ರ ರಸ್ತೆಗೆ ಇಳಿಯಬೇಕಾಗುತ್ತಿತ್ತು. ನಾನು ಓಡಿಬಂದು ಕೈಹಿಡಿದು ಇಳಿಸುತ್ತಿದ್ದೆ. ನೋಡಿದವರು, "ತಮ್ಮ ಅಂದ್ರ ಹಿಂಗಿರಬೇಕು ನೋಡ್ರಿ," ಎನ್ನುತ್ತಿದ್ದರು.

ನಾನು ಒಮ್ಮೆಯೂ ಅಲ್ಲವೆನ್ನಲಿಲ್ಲ.